ಒಣದ್ರಾಕ್ಷಿಗೆ ಜಪಾನಿನಲ್ಲಿ ಏನನ್ನುತ್ತಾರೆ

ಮೊಗ್ರಾಲಿನಿಂದ ಬದಿಯಡ್ಕದವರೆಗೆ, ನಡುವೆ ಎಷ್ಟು ಗುಡ್ಡ ಹತ್ತಿ ಇಳಿದರೂ, ಜಪಾನಿ ಭಾಷೆ ಬಲ್ಲ ಮನುಷ್ಯ ಒಬ್ಬನೇ ಇದ್ದ. ಹೆಸರು ಬಟ್ಯ, ಊರಿನವರ ಬಾಯಲ್ಲಿ ಜಪಾನು ಬಟ್ಯ. ಅವನಿಗೆ ಗೊತ್ತಿದ್ದ ಜಪಾನಿ ಶಬ್ದಗಳು ಒಟ್ಟು ಏಳು. ಏಳೂ ಒಣಗಿಸಿದ ಹಣ್ಣುಗಳ ಹೆಸರು. ಈ ಕೊನೆಯ ಸಂಗತಿ ಊರಿಗೆ ತಿಳಿದಿರಲಿಲ್ಲ, ತಿಳಿಯಬೇಕೆಂದು ಊರಿಗೆ ಅನಿಸಲೂ ಇಲ್ಲ. ಅಪರೂಪಕ್ಕೆ ಒಬ್ಬ ವಿದ್ವಾಂಸ ಸಿಕ್ಕಿದಾಗ ಅವನ ವಿದ್ಯೆಯನ್ನು ತಕ್ಕಡಿಗೆ ಹಾಕುವಷ್ಟು ಕೆಟ್ಟ ಊರು ಅದಲ್ಲ.

ಬಟ್ಯ ಹುಟ್ಟಿದ್ದು ಕಳ್ಳು ಇಳಿಸುವವರ ಮನೆಯಲ್ಲಿ. ಅಪ್ಪನ ಹಾಗೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ತೆಂಗಿನ ಮರ ಹತ್ತುತ್ತಾ ಇಳಿಯುತ್ತಾ ಮುದುಕನಾಗಬೇಕಾಗಿದ್ದವನು. ಹಾಗಾಗದೆ ಅವನು ಸಿಂಗಾಪುರಕ್ಕೆ ಹೋದದ್ದಕ್ಕೆ ಕಾರಣ ಒಂದು ಗ್ರಾಮಫೋನು. ಬಟ್ಯನ ಕುಟುಂಬ ಒಕ್ಕಲಿದ್ದದ್ದು ಹೊಳೆಬದಿಯ ಗುತ್ತಿನ ಮನೆಗೆ, ಅದು ಊರಿನ ದೊಡ್ಡ ಜಮೀನುದಾರರ ಮನೆ. ಅಲ್ಲಿ ಹೆಸರಿಗೆ ಯಜಮಾನ ಪುರಂದರ ಶೆಟ್ಟರು. ಹೆಸರಿಗೆ ಅಲ್ಲದೆ ನಿಜಕ್ಕೂ ಯಜಮಾನಿಕೆ ನಡೆಸುತ್ತಿದ್ದವಳು ಅವರ ಅಕ್ಕ ಅಮ್ಮಣ್ಣಿ. ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡ ಹೆಂಗಸು, ಇದ್ದದ್ದು ಗುಣಪಾಲ ಎಂಬ ಒಬ್ಬನೇ ಮಗ. ಈ ಗುಣಪಾಲ ಅಮ್ಮನನ್ನು ಕೇಳದೆ ಒಂದು ದೋಣಿ ತೆಂಗಿನಕಾಯಿ ಮಾರಿ ಮಂಗಳೂರಿನಿಂದ ಗ್ರಾಮಫೋನು ತಂದ. ಅಮ್ಮಣ್ಣಿ ಬೈಯಲಿಲ್ಲ. ಒಂದು ತಟ್ಟೆ ಪೂರ್ತಿ ಹಾಡಿ ಮುಗಿಯುವವರೆಗೆ ಮರ್ಯಾದೆಯಿಂದ ಕೇಳಿದಳು. ಆಮೇಲೆ ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಬಾವಿಗೆ ಹಾಕಿದಳು.

ಗುಣಪಾಲನೂ ಬೈಯಲಿಲ್ಲ. ಬಾವಿಗೆ ಒಮ್ಮೆ ಇಣುಕಿ ನೋಡಿದ. ಅಮ್ಮನ ಮಗನಲ್ಲವೇ, ಮಾತು ಖರ್ಚು ಮಾಡುವ ಜಾತಿಯೇ ಅಲ್ಲ. ವಾರ ಕಳೆಯುವ ಮೊದಲು ರೈಲು ಹತ್ತಿ ಮದ್ರಾಸಿಗೆ, ಅಲ್ಲಿಂದ ಹಡಗು ಹತ್ತಿ ಸಿಂಗಾಪುರಕ್ಕೆ ಹೊರಟೇಬಿಟ್ಟ. ಪೆಟ್ಟಿಗೆ ಹೊರಲು ಒಬ್ಬ ಬೇಕಿತ್ತು, ಬಟ್ಯ ಹೊತ್ತುಕೊಂಡು ಹೋದ. ನಮ್ಮ ಊರಿನ ಏಕಮಾತ್ರ ಜಪಾನಿ ಪಂಡಿತರ ವಿದೇಶಯಾತ್ರೆಯ ಪೂರ್ಣ ವಿವರ ಇಷ್ಟೇ.

ಸಿಂಗಾಪುರದಲ್ಲಿ ಇಬ್ಬರಿಗೂ ಒಂದೇ ಕಡೆ ಕೆಲಸವಾಯಿತು. ಒಣಹಣ್ಣು, ಜೀನಸು ಮಾರುವ ದೊಡ್ಡ ವ್ಯಾಪಾರಿಯ ಗೋದಾಮು. ಗುಣಪಾಲ ಶಾಲೆಗೆ ಹೋದವನಾದ್ದರಿಂದ ಲೆಕ್ಕದ ಮೇಜಿಗೆ, ಬಟ್ಯ ಹೋಗದವನಾದ್ದರಿಂದ ಮೂಟೆಯ ಕೆಳಗೆ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಯುದ್ಧ ಬಂತು, ಬ್ರಿಟಿಷರು ಕೈ ಮೇಲೆತ್ತಿದರು, ಜಪಾನಿನವರು ಒಳಗೆ ಬಂದರು. ಗೋದಾಮನ್ನು ಅದರಲ್ಲಿದ್ದ ಮೂಟೆಗಳ ಸಮೇತ, ಮೂಟೆ ಹೊರುವವರ ಸಮೇತ ತಮ್ಮದು ಮಾಡಿಕೊಂಡರು. ದೊಡ್ಡ ಅಧಿಕಾರಿಗಳ ಊಟದ ಮೇಜಿಗೆ ಹೋಗುವ ಹಣ್ಣುಗಳಿಗೆ ಅದೇ ಉಗ್ರಾಣವಾಯಿತು. ನೋಡಿಕೊಳ್ಳಲು ಕುತ್ತಿಗೆ ದಪ್ಪದ ಒಬ್ಬ ಸಾರ್ಜೆಂಟ್ ಬಂದ.

ಈ ಸಾರ್ಜೆಂಟನೇ ಬಟ್ಯನ ಭಾಷಾಗುರು. ಪಾಠದ ಕ್ರಮ ಬಹಳ ಸರಳ. ಸಾರ್ಜೆಂಟ್ ಒಂದು ಹಣ್ಣಿನ ಹೆಸರು ಕೂಗುವುದು, ಬಟ್ಯ ಅದನ್ನು ತರುವುದು. ಬೇರೆಯದನ್ನು ತಂದರೆ ಕೆನ್ನೆಗೆ ಒಂದು. ವ್ಯಾಕರಣ ಇಲ್ಲ, ಬಳಪ ಇಲ್ಲ, ಕೆನ್ನೆ ಒಂದಿದ್ದರೆ ಸಾಕು. ಹೋಶಿಬುದೋ ಎಂದರೆ ಒಣದ್ರಾಕ್ಷಿ ಎಂದು ಎಡಗೆನ್ನೆ ಕಲಿಯಿತು. ಹೋಶಿಗಾಕಿ ಎಂದರೆ ಬೂದಿ ಹಚ್ಚಿದ ಹಾಗೆ ಮೇಲೆಲ್ಲ ಬಿಳಿ ಬಂದ, ಬೆಲ್ಲಕ್ಕಿಂತ ಸಿಹಿಯಾದ ಒಂದು ಒಣಹಣ್ಣು ಎಂದು ಬಲಗೆನ್ನೆ ಕಲಿಯಿತು. ನಮ್ಮ ಕಡೆಯ ಬೋರೆಹಣ್ಣನ್ನು ಮುದುಕಿ ಮಾಡಿದ ಹಾಗಿರುವುದು ನಾತ್ಸುಮೆ. ಕೆಂಪಗೆ ಸುಕ್ಕಾಗಿ, ಉಪ್ಪುಹುಳಿಗೆ ಕಣ್ಣಲ್ಲಿ ನೀರು ಬರಿಸುವಂಥದ್ದು ಉಮೆಬೋಶಿ. ಕಿವಿಯ ಆಕಾರದ ಹಳದಿ ಹಣ್ಣು ಹೋಶಿಅಂಜು. ಬಾಯಿ ತುಂಬ ಬೀಜ ಬರುವ ಅಂಜೂರ ಹೋಶಿಇಚಿಜಿಕು, ಇದಕ್ಕೆ ಎರಡೂ ಕೆನ್ನೆ ಬೇಕಾಯಿತು. ಒಣಗಿಸಿದ ಬಾಳೆಹಣ್ಣು ಹೋಶಿಬನಾನಾ, ಇದು ಮಾತ್ರ ಏಟಿಲ್ಲದೆ ಬಂತು. ಹೋಶಿ ಎಂದರೆ ಒಣಗಿದ್ದು ಎಂಬುದನ್ನು ಬಟ್ಯ ಯಾರ ಸಹಾಯವೂ ಇಲ್ಲದೆ ತಾನೇ ಕಂಡುಹಿಡಿದ. ಅವನ ಪಾಂಡಿತ್ಯದಲ್ಲಿ ಸ್ವಂತ ಸಂಶೋಧನೆ ಎಂಬುದಿದ್ದರೆ ಅದೊಂದೇ.

ಗುಣಪಾಲನಿಗೂ ಆ ಏಳು ಶಬ್ದ ಬರುತ್ತಿತ್ತು. ಬಟ್ಯನಿಗಿಂತ ಚೆನ್ನಾಗಿ ಬರುತ್ತಿತ್ತು, ಬಟ್ಯ ತಪ್ಪು ಹೇಳಿದಾಗ ತಿದ್ದುತ್ತಿದ್ದವನೇ ಅವನು. ಆದರೆ ಸಾರ್ಜೆಂಟನ ಎದುರು ಮಾತ್ರ ಅವನ ಬಾಯಿ ತೆರೆಯಲಿಲ್ಲ. ಹೊಡೆದು ಕಲಿಸಿದ್ದನ್ನು ಒಪ್ಪಿಸುವುದಿಲ್ಲ ಎಂದು ಅವನ ಹಟ. ಏಟು ತಿನ್ನುತ್ತಿದ್ದ, ಸುಮ್ಮನೆ ಮುಖ ನೋಡುತ್ತಿದ್ದ. ಕಡೆಗೊಮ್ಮೆ ಸಯಾಮಿನಲ್ಲಿ ರೈಲುದಾರಿ ಹಾಕಲು ಆಳು ಬೇಕೆಂದು ಅಪ್ಪಣೆ ಬಂತು. ಸಾರ್ಜೆಂಟ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೊಂದು ಹಣ್ಣು ಎತ್ತಿ ತೋರಿಸಿದ. ಹೆಸರು ಹೇಳಿದವನು ಉಗ್ರಾಣಕ್ಕೆ, ಹೇಳದವನು ರೈಲಿಗೆ. ಬಟ್ಯ ಗಿಣಿಯ ಹಾಗೆ ಹೇಳಿದ. ಪಕ್ಕದಲ್ಲಿದ್ದ ಗುಣಪಾಲನ ಮುಖದೆದುರು ಒಣದ್ರಾಕ್ಷಿ ಹಿಡಿದಾಗ ಬಟ್ಯ ಮೆಲ್ಲಗೆ, ಹೇಳಿ ಧಣಿ, ದಮ್ಮಯ್ಯ ಹೇಳಿ ಎಂದು ಬೇಡಿಕೊಂಡ. ಗುಣಪಾಲ ತುಟಿ ಬಿಚ್ಚಲಿಲ್ಲ. ಯುದ್ಧ ಮುಗಿದ ಮೇಲೆ ಸಯಾಮಿನಿಂದ ಎಲುಬು ಚರ್ಮವಾಗಿ ಬಂದ ಒಬ್ಬ ತಮಿಳ ಹೇಳಿದ, ನಿಮ್ಮ ಊರಿನವ ಕಾಲರಾದಲ್ಲಿ ಹೋದ, ಗಂಜಿ ಗಂಜಿ ಎಂದು ಕೇಳಿ ಕೇಳಿ ಹೋದ, ನಾನೇ ಹತ್ತಿರ ಇದ್ದೆ ಎಂದು. ಬಟ್ಯ ಆ ದಿನ ಗೋದಾಮಿನ ಹಿಂದೆ ಕೂತು ಹೆಂಗಸರ ಹಾಗೆ ಅತ್ತ. ಅತ್ತದ್ದಕ್ಕೆ ಯಾರೂ ಹೊಡೆಯಲಿಲ್ಲ, ಹೊಡೆಯುವವರು ಸೋತು ಹೋಗಿದ್ದರು.

ಊರಿಗೆ ಬರುವ ಹಡಗಿನಲ್ಲಿ ಬಟ್ಯ ಇದನ್ನು ಅಮ್ಮಣ್ಣಿಗೆ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿದ. ಮೊದಲು ಅಳುವುದು, ಆಮೇಲೆ ಕಾಲಿಗೆ ಬೀಳುವುದು, ಆಮೇಲೆ ಹೇಳುವುದು. ಗುತ್ತಿನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಅಮ್ಮಣ್ಣಿ ಮೆಟ್ಟುಕತ್ತಿಯ ಮೇಲೆ ಕೂತು ಹಲಸಿನಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತಿ ಬಟ್ಯನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಇದ್ದಾನೋ ಇಲ್ಲವೋ ಎಂದು ಅವಳು ಕೇಳಿದ್ದರೆ ಬಟ್ಯ ಹೇಳಿಬಿಡುತ್ತಿದ್ದ. ಅವಳು ಕೇಳಿದ್ದು, ಅವನು ಎಲ್ಲಿ ಎಂದು. ಬಟ್ಯನ ಬಾಯಿಯಿಂದ, ಅವನನ್ನು ಕೇಳದೆ, ಜಪಾನಿನಲ್ಲಿ ಎಂಬ ಮಾತು ಹೊರಬಿತ್ತು.

ಅಷ್ಟೇ. ಒಂದು ಸುಳ್ಳು ಹೇಳುವುದು ಎಷ್ಟು ಹೊತ್ತಿನ ಕೆಲಸ? ಸಾಕುವುದೇ ಕಷ್ಟ, ದಿನಾ ಹುಲ್ಲು ನೀರು ಹಾಕಬೇಕು. ಗುಣಪಾಲನಿಗೆ ಜಪಾನಿನಲ್ಲಿ ದೊಡ್ಡ ಅಂಗಡಿಯಾಯಿತು. ಬಿಳಿ ಪ್ಯಾಂಟು ಬಂತು. ಅಮ್ಮನನ್ನು ದಿನಾ ನೆನೆಸಿ ಕಣ್ಣೀರು ಹಾಕುವ ಸ್ವಭಾವ ಬಂತು. ಮರುವರ್ಷ ಅಮ್ಮಣ್ಣಿ, ಅವನಿಗೆ ಬೇಯಿಸಿ ಹಾಕುವವರು ಯಾರು ಎಂದು ಕೇಳಿದ್ದರಿಂದ ಒಬ್ಬ ಹೆಂಡತಿಯೂ ಬಂದಳು, ಜಪಾನಿನವಳೇ, ಬಿಳಿ ಬಣ್ಣ, ಮಾತು ಕಡಿಮೆ. ಕಾಗದ ಯಾಕೆ ಬರುವುದಿಲ್ಲ ಎಂಬುದಕ್ಕೆ ಯುದ್ಧ ಸೋತ ದೇಶದಲ್ಲಿ ಅಂಚೆ ಇಲ್ಲ ಎಂದು ಉತ್ತರ ಸಿದ್ಧವಿತ್ತು. ಬಟ್ಯನ ತಲೆಯಲ್ಲಿ ಗುಣಪಾಲ ಬದುಕಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಏಳಿಗೆಗೆ ಬಂದ.

ಇತ್ತ ಬಟ್ಯನೂ ಏಳಿಗೆಗೆ ಬಂದ. ಚಹಾದಂಗಡಿಯಲ್ಲಿ ಒಂದು ಜಪಾನಿ ಮಾತಾಡು ಮಾರಾಯ ಎಂದರೆ ಏಳು ಶಬ್ದಗಳನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ಕೋಪದಲ್ಲಿ ಹೇಳಿದರೆ ಅದು ಜಪಾನಿ ಸೇನಾಪತಿಯ ಅಪ್ಪಣೆ, ಕಣ್ಣು ಮುಚ್ಚಿ ಹೇಳಿದರೆ ಅವರ ದೇವರ ಪ್ರಾರ್ಥನೆ. ಶಾಲೆಯ ಮಹಾಬಲ ಮಾಸ್ತರರು ಬಾಯಿ ಬಿಟ್ಟು ಕೇಳಿ, ಸಂಸ್ಕೃತದ ಛಾಯೆ ಉಂಟು ಎಂದು ಅಭಿಪ್ರಾಯ ಕೊಟ್ಟರು. ಬನಾನಾ ಎಂಬುದನ್ನು ಮಾತ್ರ ಬಟ್ಯ ಮೆಲ್ಲಗೆ ನುಂಗುತ್ತಿದ್ದ, ಇಂಗ್ಲಿಷ್ ಓದುವ ಹುಡುಗರು ಹಿಡಿದುಬಿಟ್ಟರೆ ಎಂಬ ಹೆದರಿಕೆ. ಪರಭಾಷೆ ಬಲ್ಲ ಅಳಿಯ ಎಂದು ಮೆಚ್ಚಿ ಒಬ್ಬ ಮಾವ ಮಗಳನ್ನೂ ಕೊಟ್ಟ. ಆ ಮಗಳು ಅಮ್ಮು. ಮದುವೆಯಾಗಿ ತಿಂಗಳೊಳಗೆ ಅವಳು ಗಂಡನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಸಿ ಬಿಟ್ಟಳು, ಏಳು ಶಬ್ದವನ್ನೂ, ಗುಣಪಾಲನ ಸಾವನ್ನೂ. ಕೇಳಿ ಆದ ಮೇಲೆ, ನನ್ನ ಅಪ್ಪ ನಿನ್ನನ್ನು ಆರಿಸುವ ಬದಲು ಒಂದು ಮೂಟೆ ಒಣದ್ರಾಕ್ಷಿ ತಂದಿದ್ದರೆ ಪಾಯಸಕ್ಕಾದರೂ ಆಗುತ್ತಿತ್ತು ಎಂದಳು.

ಸೊಸೆ ಜಪಾನಿನವಳೆಂದು ಗೊತ್ತಾದ ಮೇಲೆ ಅಮ್ಮಣ್ಣಿ ಸುಮ್ಮನೆ ಕೂರುವ ಹೆಂಗಸಲ್ಲ. ನಾಳೆ ಮನೆಗೆ ಬರುವ ಹುಡುಗಿಗೆ ತುಳು ಬರುತ್ತದೆಯೇ? ಬರುವುದಿಲ್ಲ. ಹಾಗಾದರೆ ಅತ್ತೆ ಕಲಿಯಬೇಕು. ಶುಕ್ರವಾರ ಶುಕ್ರವಾರ ಬಂದು ಪಾಠ ಹೇಳು, ಅಕ್ಕಿ ಕೊಡುತ್ತೇನೆ ಎಂದಳು. ಬಟ್ಯ ತಲೆ ಕೆರೆದುಕೊಂಡ. ಆ ಹೊತ್ತಿಗೆ ಸರಕಾರ ಕಳ್ಳು ನಿಷೇಧ ಮಾಡಿ ಅವನ ಕುಲಕಸುಬನ್ನು ಮರದ ಮೇಲೆಯೇ ಬಿಟ್ಟಿತ್ತು. ಮನೆಯಲ್ಲಿ ಅಮ್ಮು ಬಸುರಿ. ಬಟ್ಯ ಒಪ್ಪಿದ.

ಹೀಗೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಒಂದು ಜಪಾನಿ ಭಾಷೆ ಗುತ್ತಿನ ಮನೆಯ ಜಗಲಿಯಲ್ಲಿ ಹುಟ್ಟಿತು. ಚೆನ್ನಾಗಿದ್ದೀಯಾ ಎನ್ನಲು ಹೋಶಿಬುದೋ. ಊಟ ಆಯಿತಾ ಎನ್ನಲು ಹೋಶಿಗಾಕಿ. ಸೊಸೆಗೆ ನಾತ್ಸುಮೆ. ಕೈಕಾಲು ತೊಳೆದುಕೋ ಎನ್ನಲು ಹೋಶಿಅಂಜು. ಹೋಶಿಇಚಿಜಿಕು ಉದ್ದದ ಶಬ್ದವಾದ್ದರಿಂದ ಅದಕ್ಕೆ ಉದ್ದದ ಅರ್ಥವೇ ಬೇಕಾಯಿತು, ಮಳೆ ಜೋರುಂಟು ಒಳಗೆ ಬಾ ಎಂದಾಯಿತು. ಅಮ್ಮಣ್ಣಿ ದಡ್ಡಿಯಲ್ಲ, ಎಲ್ಲದಕ್ಕೂ ಎಂತದು ಈ ಹೋಶಿ ಎಂದು ಕೇಳಿಯೇ ಕೇಳಿದಳು. ದೊಡ್ಡ ಮನೆಯವರು ಮಾತಾಡುವಾಗ ಮುಂದೆ ಹೋಶಿ ಹಾಕಬೇಕು, ಅದು ಮರ್ಯಾದೆ ಎಂದ ಬಟ್ಯ. ಅವಳಿಗೆ ಆ ವ್ಯವಸ್ಥೆ ಬಹಳ ಹಿಡಿಸಿತು. ಒಕ್ಕಲಿನವರಿಗೆ ಹೋಶಿ ಇಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡಳು.

ಕೊನೆಗೆ ಒಂದು ದಿನ, ಮನೆಗೆ ಬಾ ಎನ್ನಲಿಕ್ಕೆ ಎಂತ ಎಂದು ಕೇಳಿದಳು. ಕೇಳುವಾಗ ಅವಳು ಬಟ್ಯನ ಮುಖ ನೋಡಲಿಲ್ಲ, ಸೆರಗಿನ ತುದಿ ನೋಡುತ್ತಿದ್ದಳು. ಬಟ್ಯನಲ್ಲಿ ಉಳಿದಿದ್ದದ್ದು ಒಂದೇ ಶಬ್ದ, ಬಾಳೆಹಣ್ಣನ್ನು ಬಿಟ್ಟರೆ. ಉಮೆಬೋಶಿ ಎಂದ.

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮಣ್ಣಿ ಅಂಗಳದಾಚೆ ಬೇಲಿಯ ದಣಪೆಯ ಹತ್ತಿರ ಹೋಗಿ ನಿಂತು, ಸಮುದ್ರದ ದಿಕ್ಕಿಗೆ ಮುಖ ಮಾಡಿ, ಉಮೆಬೋಶಿ, ಉಮೆಬೋಶಿ ಎಂದು ಎರಡು ಸಲ ಹೇಳಿ ಒಳಗೆ ಬರತೊಡಗಿದಳು. ತುಳುವಿನಲ್ಲಿ ಆ ಮಾತನ್ನು ಅವಳು ಒಂದು ದಿನವೂ ಬಾಯಿ ಬಿಟ್ಟು ಹೇಳಿದವಳಲ್ಲ. ಜಪಾನಿಯಲ್ಲಿ ಹೇಳಿದರೆ ಆಳುಕಾಳುಗಳಿಗೆ ತಿಳಿಯುವುದಿಲ್ಲವಲ್ಲ, ಮಾನ ಉಳಿಯುತ್ತದೆ. ದಾರಿಯಲ್ಲಿ ಹೋಗುವಾಗ ಒಮ್ಮೆ ಇದನ್ನು ಕಿವಿಯಾರೆ ಕೇಳಿದ ಬಟ್ಯ ಆ ರಾತ್ರಿ ಗಂಜಿ ಮುಟ್ಟಲಿಲ್ಲ. ಉಪ್ಪಲ್ಲಿ ಹಾಕಿ ಒಣಗಿಸಿದ ಹುಳಿಹಣ್ಣನ್ನು ಒಬ್ಬ ತಾಯಿ ಹೀಗೆ ಕರೆಯುವುದನ್ನು ಕೇಳಿದರೆ ಯಾರಿಗೆ ತಾನೇ ಗಂಜಿ ಇಳಿದೀತು.

ಇಷ್ಟರಲ್ಲೇ ಮುಗಿದಿದ್ದರೆ ಇದೊಂದು ತಮಾಷೆ ಎಂದು ನಕ್ಕು ಬಿಡಬಹುದಿತ್ತು. ಆದರೆ ನಮ್ಮಲ್ಲಿ ಸತ್ತವರಿಗೆ ಹಸಿವೆಂಬುದುಂಟು. ಮಳೆಗಾಲದ ಆಟಿ ತಿಂಗಳು ಬಂದರೆ ಮನೆಯ ಸತ್ತವರಿಗೆಲ್ಲ ಒಂದೊಂದು ಬಾಳೆ ಎಲೆ ಹಾಕಿ, ಕೋಳಿ ಪದಾರ್ಥ, ದೋಸೆ, ಅವರವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ಒಳಗೆ ಅವರು ಉಣ್ಣುತ್ತಾರೆ. ವರ್ಷಕ್ಕೆ ಅದೊಂದೇ ಊಟ. ಯಾರಿಗೆ ಎಲೆ ಹಾಕಲಿಲ್ಲವೋ ಅವನು ಆ ವರ್ಷ ಉಪವಾಸ, ಹೊಸ್ತಿಲ ಹೊರಗೆ ನಿಂತು ಉಳಿದವರು ಉಣ್ಣುವುದನ್ನು ನೋಡುತ್ತಾ ಇರಬೇಕು. ಗುತ್ತಿನ ಮನೆಯಲ್ಲಿ ಮಾವಂದಿರಿಗೆ, ಅಜ್ಜಿಯಂದಿರಿಗೆ, ಹಾವು ಕಚ್ಚಿ ಸತ್ತ ಮಗುವಿಗೆ ಕೂಡ ಎಲೆ ಇತ್ತು. ಗುಣಪಾಲನಿಗೆ ಇರಲಿಲ್ಲ. ಅವನು ಜಪಾನಿನಲ್ಲಿ ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಿದ್ದನಲ್ಲ.

ಗಂಜಿ ಕೇಳಿ ಕೇಳಿ ಸತ್ತವನು ತನ್ನ ಮನೆಯ ಹೊಸ್ತಿಲಲ್ಲಿ ಹಸಿದು ನಿಂತಿದ್ದಾನೆ ಎಂಬುದು ಆ ಊರಿನಲ್ಲಿ ಗೊತ್ತಿದ್ದದ್ದು ಬಟ್ಯನಿಗೆ ಮಾತ್ರ. ಆಟಿ ಬಂತೆಂದರೆ ಅವನಿಗೆ ಜ್ವರ ಬರುತ್ತಿತ್ತು. ಒಂದು ವರ್ಷ ತಡೆಯಲಾರದೆ ತನ್ನ ಗುಡಿಸಲಿನಲ್ಲೇ ಒಂದು ಎಲೆ ಹೆಚ್ಚು ಹಾಕಿ, ಗುಣಪಾಲ ಧಣಿ ಬನ್ನಿ ಎಂದು ಕರೆದ. ಅಮ್ಮು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಬದುಕಿದ್ದಾಗ ನಮ್ಮ ಮನೆಯ ನೀರು ಮುಟ್ಟದವರು ಸತ್ತ ಮೇಲೆ ಬಂದು ಊಟ ಮಾಡ್ತಾರಾ?” ಎಂದಳು. “ಅವರಿಗೆ ಅವರ ಅಮ್ಮನೇ ಬಡಿಸಬೇಕು. ನೀನು ಹೋಗಿ ಹೇಳು.”

ಬಟ್ಯ ಹೋಗಲಿಲ್ಲ. ಹೋದರೆ ಅಕ್ಕಿ ನಿಲ್ಲುತ್ತದೆ ಎಂಬುದು ಒಂದು. ಅಮ್ಮಣ್ಣಿ ಏನು ಮಾಡಿಯಾಳು ಎಂಬುದು ಇನ್ನೊಂದು, ಒಳ್ಳೆಯ ಹಾಡು ಹೇಳುತ್ತಿದ್ದ ಪೆಟ್ಟಿಗೆಯನ್ನೇ ಬಾವಿಗೆ ಹಾಕಿದವಳು. ಆದರೆ ನಿಜವಾದ ಹೆದರಿಕೆ ಬೇರೆ. ಸಂಜೆ ಆ ದಣಪೆಯ ಹತ್ತಿರ ಅವಳು ಕರೆಯಲಿಕ್ಕೆ ಬರದೆ ಇದ್ದರೆ ಎಂಬುದು ಅವನ ಹೆದರಿಕೆ.

ಪುರಂದರ ಶೆಟ್ಟರು ಒಂದು ಆಟಿಗೆ ಅಕ್ಕನ ಎದುರು ಧೈರ್ಯ ಮಾಡಿದರು. ಹುಡುಗ ಹೋಗಿ ಹನ್ನೆರಡು ವರ್ಷದ ಮೇಲಾಯಿತು, ಅಷ್ಟು ಕಾಲ ಮರಳದವನಿಗೆ ಶಾಸ್ತ್ರದ ಪ್ರಕಾರ ಇನ್ನು ಎಲೆ ಹಾಕಬೇಕು, ಹಾಕದಿದ್ದರೆ ಮನೆಗೆ ಒಳ್ಳೆಯದಲ್ಲ ಎಂದರು. ಬದುಕಿರುವವನಿಗೆ ಎಲೆ ಹಾಕಿದರೆ ಆ ಎಲೆಯೇ ಅವನನ್ನು ಕೊಲ್ಲುತ್ತದೆ, ನನ್ನ ಮಗನನ್ನು ಕೊಲ್ಲಬೇಕೆಂದಿದ್ದರೆ ನೀನೇ ಬಡಿಸು ಎಂದು ಅಮ್ಮಣ್ಣಿ ಸೌಟನ್ನು ತಮ್ಮನ ಕೈಗೆ ಕೊಟ್ಟಳು. ಶೆಟ್ಟರು ಸೌಟನ್ನು ಕೆಂಡ ಮುಟ್ಟಿದವರ ಹಾಗೆ ಕೆಳಗಿಟ್ಟರು. ಅಷ್ಟಕ್ಕೇ ಬಿಡದೆ ಬಟ್ಯನನ್ನು ಕರೆಸಿ, ಅವನು ಬದುಕಿರುವುದು ಹೌದಾ ಎಂದು ಎಲ್ಲರೆದುರು ಕೇಳಿದರು. ಬಟ್ಯ ತಲೆಯನ್ನು ಹೌದು ಎಂದೂ ಅಲ್ಲ ಎಂದೂ ಹೇಳಲಾಗದ ಹಾಗೆ ಒಂದು ಸುತ್ತು ತಿರುಗಿಸಿದ. ಅಮ್ಮಣ್ಣಿ ಅದನ್ನು ಹೌದು ಎಂದು ತೆಗೆದುಕೊಂಡಳು. ಅವಳು ತೆಗೆದುಕೊಂಡ ಮೇಲೆ ಇಡೀ ಮನೆ ಹಾಗೆಯೇ ತೆಗೆದುಕೊಂಡಿತು.

ಮರುವರ್ಷ ಆಟಿಗೆ ಸ್ವಲ್ಪ ಮೊದಲು ತೆಂಗಿನಕಾಯಿ ವ್ಯಾಪಾರಕ್ಕೆಂದು ಅಂದುಂಞಿ ಎಂಬೊಬ್ಬ ಸಾಹುಕಾರ ಗುತ್ತಿನ ಮನೆಗೆ ಬಂದ. ಕಾಸರಗೋಡಿನ ಪೇಟೆಯಲ್ಲಿ ಅವನದು ಖರ್ಜೂರ, ದ್ರಾಕ್ಷಿಯ ಅಂಗಡಿ. ಯುದ್ಧದ ಕಾಲವೆಲ್ಲ ಸಿಂಗಾಪುರದಲ್ಲಿ ಅದೇ ವ್ಯಾಪಾರ ಮಾಡುತ್ತಿದ್ದ ಮನುಷ್ಯ. ಆಮೇಲೆ ನಡೆದದ್ದನ್ನು ಬಟ್ಯನಿಗೆ ಹೇಳಿದ್ದು ಆ ಮನೆಯ ಹಳೆಯ ಕೆಲಸದವಳು ಕಿನ್ನಿ, ಅದೂ ಎಲ್ಲ ಮುಗಿದ ಮೇಲೆ. ಸಿಂಗಾಪುರ, ಜಪಾನಿನವರು ಎಂಬ ಮಾತು ಬಂದದ್ದೇ ತಡ, ಅಮ್ಮಣ್ಣಿ ಸೆರಗು ಸರಿ ಮಾಡಿಕೊಂಡು, ತನಗೂ ಆ ಭಾಷೆ ಸ್ವಲ್ಪ ಬರುತ್ತದೆ ಎಂದಳಂತೆ. ಅಂದುಂಞಿ ಬೆರಗಾದನಂತೆ. ಅವಳು ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಗೆ ನಿಂತವರ ಹಾಗೆ, ಹೋಶಿಬುದೋ, ಹೋಶಿಗಾಕಿ ಎಂದು ಕೇಳಿದಳಂತೆ. ಚೆನ್ನಾಗಿದ್ದೀಯಾ, ಊಟ ಆಯಿತಾ ಎಂದು ಕೇಳಿದ್ದೇನೆ ಎಂದೇ ಅವಳ ನಂಬಿಕೆ.

ಅಂದುಂಞಿ ನಗಲಿಲ್ಲ. ಒಳ್ಳೆಯ ವ್ಯಾಪಾರಿ ಗಿರಾಕಿ ಕೇಳಿದ್ದಕ್ಕೆ ನಗುವುದಿಲ್ಲ.

“ಒಣದ್ರಾಕ್ಷಿ ನನ್ನ ಅಂಗಡಿಯಲ್ಲಿ ಉಂಟು ಅಮ್ಮ, ಕಳಿಸಿಕೊಡ್ತೇನೆ,” ಎಂದನಂತೆ. “ಆ ಇನ್ನೊಂದು ಹಣ್ಣು ಮಾತ್ರ ಈ ಕಡೆ ಸಿಕ್ಕುವುದಿಲ್ಲ.”

ಅಮ್ಮಣ್ಣಿ ಸೆರಗನ್ನು ಇನ್ನೊಮ್ಮೆ ಸರಿ ಮಾಡಿಕೊಂಡಳಂತೆ. ಆಮೇಲೆ ಉಮೆಬೋಶಿ ಎಂದರೇನೆಂದು ತನಗೆ ಗೊತ್ತೇ ಇದೆ ಎಂಬ ದನಿಯಲ್ಲಿ, ಅದು ಸಿಗುತ್ತದೆಯೇ ಎಂದು ವಿಚಾರಿಸಿದಳಂತೆ. ಅದೂ ಸಿಗುವುದಿಲ್ಲ, ಉಪ್ಪುಹುಳಿ ಬೇಕಾದರೆ ನಿಮ್ಮ ತೋಟದ ಹುಳಿ ಬಿಂಬುಳಿಕಾಯಿಯನ್ನೇ ಉಪ್ಪಲ್ಲಿ ಹಾಕಿ ಒಣಗಿಸಿ, ಹೆಚ್ಚು ಕಡಿಮೆ ಹಾಗೇ ಇರುತ್ತದೆ ಎಂದ ಅಂದುಂಞಿ. ಹಾಗಾದರೆ ದ್ರಾಕ್ಷಿಯೊಂದನ್ನು ಕಳಿಸು ಎಂದು ಅಮ್ಮಣ್ಣಿ ತೆಂಗಿನಕಾಯಿಯ ಮಾತಿಗೆ ತಿರುಗಿದಳು. ಚೌಕಾಸಿಯಲ್ಲಿ ಒಂದು ಕಾಸೂ ಬಿಡಲಿಲ್ಲ. ಆ ಸಂಜೆ ಮಾತ್ರ ದಣಪೆಯ ಕಡೆ ಹೋಗಲಿಲ್ಲ ಎಂದು ಕಿನ್ನಿ ಹೇಳಿದಳು.

ಆಟಿಯಲ್ಲಿ ಎಲೆ ಹಾಕುವ ದಿನ ಬಟ್ಯನಿಗೆ ಎಂದಿನ ಹಾಗೆ ಜ್ವರ ಬಂದಿತ್ತು. ಗುತ್ತಿನ ಮನೆಯಿಂದ ಕರೆ ಬಂದಾಗ ಅಮ್ಮು, ಪಾಠದ ಪಂಡಿತರು ಎದ್ದೇಳಿ ಎಂದು ಕಂಬಳಿ ಎಳೆದು ಹಾಕಿದಳು. ಅವನು ಹೋಗುವಾಗ ಒಳಗೆ ಕೋಳಿ ಪದಾರ್ಥದ ಪರಿಮಳ ತುಂಬಿತ್ತು. ನಡುಕೋಣೆಯಲ್ಲಿ ಸಾಲಾಗಿ ಎಲೆಗಳನ್ನು ಹಾಸಿದ್ದರು, ಪುರಂದರ ಶೆಟ್ಟರು ದೀಪದ ಹತ್ತಿರ ಕೂತಿದ್ದರು. ಅಮ್ಮಣ್ಣಿ ಜಗಲಿಯಲ್ಲಿ ಒಬ್ಬಳೇ ಇದ್ದಳು. ಎದುರಿಗೆ ಒಂದು ಹಿತ್ತಾಳೆ ತಟ್ಟೆ. ಪಾಠಕ್ಕೆ ಕೂರುವ ಜಾಗವನ್ನೇ ಅವನಿಗೆ ತೋರಿಸಿದಳು. ಬಟ್ಯ ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ.

ಅವಳು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ತಟ್ಟೆ ತುಂಬ ಒಣದ್ರಾಕ್ಷಿ.

“ಇದಕ್ಕೆ ಜಪಾನಿನಲ್ಲಿ ಎಂತ ಹೇಳುವುದು ಬಟ್ಯ?”

ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ನಿಜವಾಗಿ ಉತ್ತರ ಗೊತ್ತಿದ್ದ ಒಂದು ಪ್ರಶ್ನೆ ಬಂದಿತ್ತು. ಜಪಾನಿನಲ್ಲಿ ಸೊಸೆಗೆ ಏನನ್ನುತ್ತಾರೆ, ಮಳೆಗೆ ಏನನ್ನುತ್ತಾರೆ, ಅವನಿಗೇನು ಗೊತ್ತು. ಒಣದ್ರಾಕ್ಷಿಗೆ ಏನನ್ನುತ್ತಾರೆ ಎಂಬುದು ಮಾತ್ರ ಅವನಿಗೆ ಜಪಾನಿನ ಚಕ್ರವರ್ತಿಯಷ್ಟೇ ಚೆನ್ನಾಗಿ ಗೊತ್ತಿತ್ತು. ಹೇಳಬಾರದೆಂದೂ ಗೊತ್ತಿತ್ತು. ಹೊಸದೊಂದು ಶಬ್ದ ಕಟ್ಟಿ ಹೇಳುವುದು ಅವನಿಗೇನೂ ಕಷ್ಟವಲ್ಲ, ಬಾಯಿಗೆ ಬಂದದ್ದನ್ನು ಹೇಳಿ ಎದ್ದು ಹೋಗಬಹುದಿತ್ತು. ಆದರೆ ಕಣ್ಣೆದುರು ಹಣ್ಣು ಕಾಣುತ್ತಿತ್ತು, ಅದನ್ನು ಎತ್ತಿ ಹಿಡಿದ ಒಂದು ಕೈ ಕಾಣುತ್ತಿತ್ತು, ಪಕ್ಕದಲ್ಲಿ ಬಿಗಿದ ಒಂದು ತುಟಿ ಕಾಣುತ್ತಿತ್ತು.

“ಹೋ… ಹೋಶಿಬುದೋ,” ಎಂದ.

“ಹಾಂ. ಹಾಗಾದ್ರೆ, ಚೆನ್ನಾಗಿದ್ದೀಯಾ ಅಂತ ಕೇಳ್ಲಿಕ್ಕೆ?”

“ಗೊತ್ತಿಲ್ಲ ಅಮ್ಮ.”

“ಮನೆಗೆ ಬಾ ಅಂತ ಹೇಳ್ಲಿಕ್ಕೆ?”

ಬಟ್ಯ ನೆಲ ನೋಡಿದ. ಈಗ ಏಟು ಬೀಳುತ್ತದೆ ಎಂದು ಅವನ ಕೆನ್ನೆ ಅಭ್ಯಾಸಬಲದಿಂದ ಕಾಯುತ್ತಿತ್ತು. ಬಿದ್ದಿದ್ದರೆ ಒಳ್ಳೆಯದಿತ್ತು. ಅಮ್ಮಣ್ಣಿ ಹೊಡೆಯಲಿಲ್ಲ. ಒಂದು ದ್ರಾಕ್ಷಿ ತೆಗೆದುಕೊಂಡು ಬೆರಳಲ್ಲಿ ಹೊರಳಿಸುತ್ತಾ, ನನ್ನ ಸೊಸೆ ನಾತ್ಸುಮೆಗೂ ಬೀಜ ಉಂಟೋ ಇಲ್ಲವೋ ಎಂದು ಕೇಳಿದಳು. ಉಂಟು ಎಂದು ಬಟ್ಯ ಒಪ್ಪಿಕೊಂಡ. ಹಾಗಾದರೆ ಒಳ್ಳೆಯ ಮನೆತನದವಳೇ ಎಂದಳು ಅವಳು. ಒಳಗಿನಿಂದ ಶೆಟ್ಟರು, ಹೊತ್ತಾಯಿತು ಅಕ್ಕ ಎಂದು ಕರೆದರು. ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಕೊನೆಗೆ ದ್ರಾಕ್ಷಿಯನ್ನು ತಟ್ಟೆಗೆ ಹಾಕಿ, ಒಂದು ಕೇಳುತ್ತೇನೆ, ಇದೊಂದಕ್ಕೆ ಸುಳ್ಳು ಹೇಳಿದರೆ ನಿನ್ನ ಮಕ್ಕಳ ಆಣೆ ಎಂದಳು. ಸತ್ತನೋ ಬದುಕಿದನೋ ಎಂದು ಕೇಳುತ್ತಾಳೆಂದು ಬಟ್ಯ ಅಂದುಕೊಂಡ. ಅವಳು ಕೇಳಿದ್ದು ಬೇರೆ.

“ಅಲ್ಲಿ ಅವನು ನನ್ನ ಹೆಸರು ಎತ್ತುತ್ತಿದ್ದನಾ?”

ಇದಕ್ಕೆ ಬಟ್ಯ ಪ್ರತಿ ಶುಕ್ರವಾರವೂ ಉತ್ತರ ಕೊಟ್ಟಿದ್ದ. ದಿನಾ ನೆನೆಸುತ್ತಾನೆ ಅಮ್ಮ, ನೆನೆಸಿ ಕಣ್ಣೊರೆಸಿಕೊಳ್ಳುತ್ತಾನೆ ಎಂದು. ಅವನು ಹೇಳಿದ ಸುಳ್ಳುಗಳಲ್ಲೆಲ್ಲ ಇದೊಂದು ಒಳ್ಳೆಯ ಸುಳ್ಳು, ಪುಣ್ಯದ ಸುಳ್ಳು ಎಂದು ಅವನಿಗೆ ಹೆಮ್ಮೆಯಿತ್ತು. ಗ್ರಾಮಫೋನು ಬಾವಿಗೆ ಬಿದ್ದ ದಿನದಿಂದ ರೈಲಿನ ಡಬ್ಬಿಯ ಬಾಗಿಲು ಮುಚ್ಚುವವರೆಗೆ ಗುಣಪಾಲ ಅಮ್ಮ ಎಂಬ ಶಬ್ದವನ್ನು ಬಾಯಿಗೆ ತಂದವನಲ್ಲ. ಬಟ್ಯನೇ ಒಂದೆರಡು ಸಲ ಮನೆಯ ಮಾತು ತೆಗೆದಾಗ ಎದ್ದು ಹೋಗಿದ್ದ. ಅದನ್ನು ಈಗ ಈ ಮುದುಕಿಯ ಮುಖಕ್ಕೆ ಹೇಳುವುದೆಂದರೆ, ಸತ್ತ ಎನ್ನುವುದಕ್ಕಿಂತ ದೊಡ್ಡ ಪಾಪ ಎಂದು ಅವನಿಗೆ ಕಂಡಿತು. ಆದರೂ ಹೇಳಿದ.

“ಇಲ್ಲ ಅಮ್ಮ. ಒಂದು ದಿನ ಕೂಡ ಇಲ್ಲ.”

ಅಮ್ಮಣ್ಣಿಯ ಮುಖ ಸಡಿಲವಾಯಿತು. ನಗು ಬರುತ್ತದೋ ಎಂಬಂತೆ ತುಟಿಯ ಒಂದು ಬದಿ ಎದ್ದು, ಹಾಗೇ ನಿಂತಿತು.

“ಎತ್ತುವುದಿಲ್ಲ,” ಎಂದಳು. “ಅವನು ಎತ್ತುವ ಜಾತಿಯೇ ಅಲ್ಲ. ದಿನಾ ನೆನೆಸ್ತಾನೆ, ಅಳ್ತಾನೆ ಅಂತ ನೀನು ಹೇಳುವಾಗೆಲ್ಲ, ಇವನು ಬೇರೆ ಯಾರ ಮಗನನ್ನೋ ನೋಡಿ ಬಂದದ್ದು ಅಂತ ನನಗೆ ಒಳಗೊಳಗೆ ಅನಿಸ್ತಿತ್ತು. ಇವನು ಹೇಳುವುದು ಎಂತದೂ ನನ್ನ ಮಗನದ್ದಲ್ಲ ಅಂತ ಇತ್ತು. ಇವತ್ತು ನೀನು ಹೇಳಿದವ ನನ್ನವನೇ.”

ಬಟ್ಯ ಅಳುತ್ತಾ, ಅವಳು ಕೇಳದೆಯೇ, ಸಯಾಮು, ರೈಲುದಾರಿ, ಕಾಲರಾ ಎಂದು ಒಂದೊಂದೇ ಹೇಳಿದ. ಗಂಜಿಯ ಮಾತನ್ನು ನುಂಗಲು ನೋಡಿದ, ಅದೂ ಬಂದುಬಿಟ್ಟಿತು. ಅಮ್ಮಣ್ಣಿ ಗೋಡೆ ಹಿಡಿದು ಎದ್ದಳು. ಎದ್ದವಳು ಒಳಬಾಗಿಲಲ್ಲಿ ನಿಂತು, ಕಿನ್ನಿಯನ್ನು ಕರೆದು, ಒಂದು ಎಲೆ ಹೆಚ್ಚು ಹಾಕು ಎಂದಳು. ಪುರಂದರ ಶೆಟ್ಟರು ದೀಪದ ಬಳಿಯಿಂದ ತಲೆಯೆತ್ತಿದರು, ಏನೂ ಕೇಳಲಿಲ್ಲ. ಕಿನ್ನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು, ಅವಳು ಎಲೆ ಒರೆಸುತ್ತಾ, ಯಾರಿಗೆ ಅಮ್ಮ ಎಂದು ಕೇಳಿಬಿಟ್ಟಳು.

“ಗುಣಪಾಲನಿಗೆ,” ಎಂದಳು ಅಮ್ಮಣ್ಣಿ. “ಮೊದಲು ಅವನಿಗೆ ಬಡಿಸು. ಗಂಜಿಯನ್ನೂ ಇಡು. ಎಷ್ಟು ವರ್ಷದ ಹಸಿವೋ ಎಂತದೋ.”